ಪರಿಗ್ರಹ ಪರಿಮಾಣವೂ ಪಿತ್ರಾರ್ಜಿತದ ಪ್ರಶ್ನೆಯೂ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಮಿಕ್ಕ ನಾಲ್ಕರಂತಲ್ಲ. ಹಿಂಸೆ, ಅಸತ್ಯ, ಚೌರ್ಯ, ಅಬ್ರಹ್ಮ ಇವುಗಳನ್ನು ವ್ರತಿಕನು ತ್ಯಜಿಸಿದರೆ ಅವು ಅಲ್ಲಿಗೇ ಮುಗಿಯುತ್ತವೆ. ತಂದೆಯು ಆಡದೆ ಬಿಟ್ಟ ಸುಳ್ಳು ಮಗನ ಪಾಲಿಗೆ ಬರುವುದಿಲ್ಲ. ಪರಿಗ್ರಹದ ಸ್ವಭಾವವೇ ಬೇರೆ. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ ಮುಂತಾದ ಬಾಹ್ಯ ಪರಿಗ್ರಹಗಳು ವ್ರತಿಕನ ದೇಹವು ಬಿದ್ದ ಮೇಲೆಯೂ ಇದ್ದಲ್ಲಿಯೇ ಇರುತ್ತವೆ. ವ್ರತವು ಅವನೊಡನೆ ಕೊನೆಗೊಳ್ಳುತ್ತದೆ, ಸೊತ್ತು ಮುಂದೆ ಸಾಗುತ್ತದೆ. ಪೌತಿ ಖಾತೆಯಾದಾಗ ತಾಲ್ಲೂಕು ಕಚೇರಿಯ ದಾಖಲೆಯಲ್ಲಿ ಎಕರೆ ಗುಂಟೆಗಳು ತಂದೆಯ ಹೆಸರಿನಿಂದ ಮಗನ ಹೆಸರಿಗೆ ವರ್ಗವಾಗುತ್ತವೆ. ತಂದೆಯು ಬಸದಿಯಲ್ಲಿ ಗುರುಗಳ ಮುಂದೆ ಕೈಮುಗಿದು ಮಾಡಿಕೊಂಡ ಪರಿಮಾಣವು ವರ್ಗವಾಗುವುದಿಲ್ಲ.

ಆದುದರಿಂದ ಇಲ್ಲಿ ಒಂದು ಸಂದೇಹವು ಸಹಜವಾಗಿಯೇ ಉದ್ಭವಿಸುತ್ತದೆ. ತನಗಾಗಿ ಇಷ್ಟೇ ಸಾಕೆಂದು ಮೇರೆ ಹಾಕಿಕೊಂಡವನು ಮಕ್ಕಳಿಗಾಗಿ ಮೇರೆಯಿಲ್ಲದೆ ಕೂಡಿಡಬಹುದೆ? ಹಾಗೆ ಕೂಡಿಟ್ಟದ್ದರಲ್ಲಿ ಒಂದು ಭಾಗವನ್ನು ರಾಜ್ಯವು ತೆರಿಗೆಯೆಂದು ಕೇಳಿದರೆ, ವ್ರತಿಕನು ಅದನ್ನು ಅನ್ಯಾಯವೆಂದು ಆಕ್ಷೇಪಿಸಲು ಅಧಿಕಾರಿಯೆ?

ಎರಡನೆಯ ಪ್ರಶ್ನೆಯು ಕೇವಲ ಪಂಡಿತರ ಊಹೆಯಲ್ಲ. 2024ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಪಿತ್ರಾರ್ಜಿತ ಸಂಪತ್ತಿನ ಮೇಲೆ ತೆರಿಗೆ ಬೇಕೆ ಬೇಡವೆ ಎಂಬ ವಾದವು ದೇಶದಲ್ಲಿ ಕೆಲವು ವಾರ ಬಿರುಸಾಗಿ ನಡೆದು, ಅನಂತರ ತಣ್ಣಗಾಯಿತು. ಹಿಂದೆ ಅಂಥ ತೆರಿಗೆ ಈ ದೇಶದಲ್ಲಿ ಇಲ್ಲದೆಯೂ ಇರಲಿಲ್ಲ. ಎಸ್ಟೇಟ್ ಡ್ಯೂಟಿ ಎಂಬ ಮರಣೋತ್ತರ ತೆರಿಗೆಯು 1953ರ ಅಕ್ಟೋಬರ್ 15ರಂದು ಜಾರಿಗೆ ಬಂದು, 1985ರ ಮಾರ್ಚ್ 16ರಿಂದ ಮುಂದಿನ ಮರಣಗಳಿಗೆ ಅನ್ವಯಿಸದಂತೆ ರದ್ದಾಯಿತು. ನಡುವೆ ಒಂದು ಕಾಲದಲ್ಲಿ, ಇಪ್ಪತ್ತು ಲಕ್ಷ ರೂಪಾಯಿಗೆ ಮೇಲ್ಪಟ್ಟ ಭಾಗದ ಮೇಲೆ ಅದರ ದರವು ನೂರಕ್ಕೆ 85ರವರೆಗೆ ಏರಿತ್ತು. ಇಷ್ಟು ಕಠಿನವಾದ ತೆರಿಗೆಯಿಂದ ಬೊಕ್ಕಸಕ್ಕೆ ಬರುತ್ತಿದ್ದುದು ವರ್ಷಕ್ಕೆ ಸುಮಾರು ಇಪ್ಪತ್ತು ಕೋಟಿ ರೂಪಾಯಿ ಮಾತ್ರ, ವಸೂಲಿಯ ವೆಚ್ಚವೂ ಹೆಚ್ಚು ಎಂಬ ಕಾರಣವನ್ನು ಕೊಟ್ಟು ಅಂದಿನ ಹಣಕಾಸು ಸಚಿವ ವಿಶ್ವನಾಥ ಪ್ರತಾಪ ಸಿಂಗರು ಅದನ್ನು ಕೈಬಿಟ್ಟರು. 1957ರಲ್ಲಿ ಆರಂಭವಾದ ಸಂಪತ್ತು ತೆರಿಗೆಯು 2015ರ ಮುಂಗಡಪತ್ರದಲ್ಲಿ ಹೋಯಿತು. ಜಪಾನಿನಲ್ಲಿ ಇಂದಿಗೂ ಪಿತ್ರಾರ್ಜಿತದ ಮೇಲಿನ ಅತಿ ಹೆಚ್ಚಿನ ದರ ನೂರಕ್ಕೆ 55, ಬ್ರಿಟನ್ನಿನಲ್ಲಿ 40; ಸ್ವೀಡನ್ 2004ರ ಕೊನೆಯಲ್ಲಿ ಅದನ್ನು ಪೂರ್ಣವಾಗಿ ಬಿಟ್ಟಿತು. ದೇಶಗಳು ಇದನ್ನು ಹಿಡಿಯುವುದೂ ಬಿಡುವುದೂ ತಮ್ಮ ತಮ್ಮ ಲೆಕ್ಕಾಚಾರದಿಂದ. ತೆರಿಗೆಯು ರದ್ದಾಯಿತೆಂಬ ಮಾತ್ರಕ್ಕೆ ಧರ್ಮಪ್ರಶ್ನೆಯು ಇತ್ಯರ್ಥವಾಯಿತೆಂದು ತಿಳಿಯಲು ಕಾರಣವಿಲ್ಲ.

ಆ ಹಳೆಯ ಕಾನೂನಿನ ಒಂದು ನಿಯಮ ಮಾತ್ರ ವ್ರತಿಕರು ಮನಸ್ಸಿಟ್ಟು ನೋಡತಕ್ಕದ್ದು. ಮೃತನು ತನ್ನ ಮರಣಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಯಾರಿಗಾದರೂ ಕೊಟ್ಟ ಕೊಡುಗೆಯನ್ನು ಕೊಟ್ಟದ್ದೆಂದು ಕಾನೂನು ಒಪ್ಪುತ್ತಿರಲಿಲ್ಲ. ಅದು ಅವನ ಸೊತ್ತಿನಲ್ಲಿಯೇ ಸೇರುತ್ತಿತ್ತು. ಸಾರ್ವಜನಿಕ ಧರ್ಮಕಾರ್ಯಕ್ಕೆ ಕೊಟ್ಟದ್ದಾದರೆ ಈ ಅವಧಿ ಆರು ತಿಂಗಳು. ಕಾನೂನನ್ನು ಬರೆದವರು ತತ್ತ್ವಾರ್ಥಸೂತ್ರವನ್ನು ಓದಿದ್ದರೆಂದು ಯಾರೂ ಹೇಳಲಾರರು. ಆದರೂ ಸಾವು ಎದುರಿಗೆ ಬಂದು ನಿಂತಾಗ ಕೈಬಿಡುವುದು ಬೇರೆ, ಸಾವು ದೂರವಿರುವಾಗಲೇ ಕೈಬಿಡುವುದು ಬೇರೆ ಎಂಬ ಭೇದವನ್ನು ಅವರು ಕಂಡಿದ್ದರು. ಉಮಾಸ್ವಾಮಿ ಆಚಾರ್ಯರು ಪರಿಗ್ರಹವೆಂದರೆ ಮೂರ್ಛೆ ಎಂದರು. ವಸ್ತುವಿನಲ್ಲಿ ‘ಇದು ನನ್ನದು’ ಎಂಬ ಮಮತ್ವವೇ ಪರಿಗ್ರಹ. ಇನ್ನು ಇಟ್ಟುಕೊಳ್ಳಲಾರೆನೆಂದು ಗೊತ್ತಾದ ಮೇಲೆ ಕೊಡುವುದರಲ್ಲಿ ಮಮತ್ವವು ಎಷ್ಟು ಕರಗಿತು, ಎಷ್ಟು ಉಳಿಯಿತು ಎಂಬುದನ್ನು ಹೇಳುವುದು ಕಷ್ಟ.

ತೆರಿಗೆಯು ನೂರಕ್ಕೆ 85ರ ದರವಿದ್ದೂ ಅಷ್ಟು ಕಡಮೆ ಹಣವನ್ನು ತಂದುದೇಕೆ? ದೊಡ್ಡ ಮನೆತನಗಳು ಸೊತ್ತನ್ನು ಅವಿಭಕ್ತ ಕುಟುಂಬದ ಹೆಸರಿನಲ್ಲಿ, ಟ್ರಸ್ಟುಗಳ ಹೆಸರಿನಲ್ಲಿ, ಹುಟ್ಟಿದ ಹಾಗೂ ಹುಟ್ಟಲಿರುವ ಮಕ್ಕಳ ಹೆಸರಿನಲ್ಲಿ ಹಂಚಿಟ್ಟು, ಮರಣಕಾಲದಲ್ಲಿ ಮೃತನ ಹೆಸರಿನಲ್ಲಿ ಅಲ್ಪಸ್ವಲ್ಪವೇ ಉಳಿಯುವಂತೆ ನೋಡಿಕೊಳ್ಳುತ್ತಿದ್ದುದು ಅದಕ್ಕೆ ಒಂದು ಕಾರಣ. ಇದನ್ನು ಹೊಸ ಕಾಲದ ಲೆಕ್ಕಿಗರ ಜಾಣ್ಮೆಯೆಂದು ತಿಳಿಯುವವರು ಪಂಡಿತ ಆಶಾಧರರ ಸಾಗಾರಧರ್ಮಾಮೃತವನ್ನು ತೆರೆಯಬೇಕು. ಹದಿಮೂರನೆಯ ಶತಮಾನದ ಆ ಶ್ರಾವಕಾಚಾರ ಗ್ರಂಥವು ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ, ಸಂಖ್ಯೆಯನ್ನು ಮೀರುವವನ ಮಾತನ್ನು ಹೇಳಿ ಸುಮ್ಮನಾಗುವುದಿಲ್ಲ. ಸಂಖ್ಯೆಯನ್ನು ಮೀರದಂತೆ ಕಾಣಿಸಿಕೊಂಡು ವ್ರತವನ್ನು ಮೀರುವವನ ಉಪಾಯಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತದೆ.

ಒಂದೇ ಹೊಲ, ಒಂದೇ ಮನೆ ಎಂದು ಪರಿಮಾಣ ಮಾಡಿದವನು ಪಕ್ಕದ ಹೊಲವನ್ನು ಕೊಂಡು ನಡುವಿನ ಬೇಲಿಯನ್ನು ಕಿತ್ತುಹಾಕುತ್ತಾನೆ. ಪಕ್ಕದ ಮನೆಯನ್ನು ಕೊಂಡು ನಡುಗೋಡೆಯನ್ನು ಕೆಡವುತ್ತಾನೆ. ಈಗಲೂ ಎಣಿಸಿದರೆ ಹೊಲ ಒಂದೇ, ಮನೆ ಒಂದೇ. ಇದು ಯೋಗ, ಅಂದರೆ ಕೂಡಿಸುವಿಕೆ. ಧಾನ್ಯಕ್ಕೆ ಪರಿಮಾಣ ಮಾಡಿದವನು ಮನೆಯ ಕಣಜ ಖಾಲಿಯಾಗುವವರೆಗೆ ಮಾರುವವನ ಬಳಿಯಲ್ಲಿಯೇ ಮಾಲನ್ನು ಮಾತಿನಿಂದ ಕಟ್ಟಿಹಾಕಿಸಿ ಇಡುತ್ತಾನೆ; ಇದು ಬಂಧನ. ವ್ರತದ ಅವಧಿಯಲ್ಲಿ ಎಲ್ಲಿಂದಲೋ ಹೆಚ್ಚಾಗಿ ಬಂದ ಚಿನ್ನ ಬೆಳ್ಳಿಯನ್ನು ‘ಅವಧಿ ಮುಗಿದ ಮೇಲೆ ತೆಗೆದುಕೊಳ್ಳುವೆನು’ ಎಂಬ ಭಾವದಿಂದ ಬೇರೆಯವರಿಗೆ ಕೊಟ್ಟಿಡುತ್ತಾನೆ. ಇದಕ್ಕೆ ಆ ಗ್ರಂಥದಲ್ಲಿರುವ ಹೆಸರು ದಾನ! ಹಸುಗಳ ಸಂಖ್ಯೆಯನ್ನು ಗೊತ್ತುಮಾಡಿದವನು ಗರ್ಭದಲ್ಲಿರುವ ಕರುವನ್ನು ಎಣಿಸದೆ ಬಿಡುತ್ತಾನೆ. ಪಾತ್ರೆಗಳ ವಿಷಯದಲ್ಲಿಯೂ ಹೀಗೆಯೇ ಭಾವವನ್ನು ತಿರುಚಿ ಲೆಕ್ಕವನ್ನು ಸರಿಮಾಡಿಕೊಳ್ಳುತ್ತಾನೆ. ಶ್ವೇತಾಂಬರ ಆಚಾರ್ಯ ಹೇಮಚಂದ್ರರ ಯೋಗಶಾಸ್ತ್ರದಲ್ಲಿಯೂ ಇದೇ ವಿವರಣೆ ಇರುವುದರಿಂದ, ಆ ಕಾಲದ ಶ್ರಾವಕ ಸಮಾಜದಲ್ಲಿ ಈ ಉಪಾಯಗಳು ಸಾಕಷ್ಟು ಪರಿಚಿತವಾಗಿದ್ದುವೆಂದು ಊಹಿಸಬಹುದು.

ಈ ಪಟ್ಟಿಯನ್ನು ಓದಿದ ಮೇಲೆ ‘ನನ್ನ ಹೆಸರಿನಲ್ಲಿ ಪರಿಮಾಣಕ್ಕೆ ಮೀರಿದ್ದು ಏನೂ ಇಲ್ಲ, ಎಲ್ಲವೂ ಮಕ್ಕಳದು’ ಎಂಬ ಮಾತು ಹೇಗೆ ಕೇಳಿಸುತ್ತದೆ? ಮಗನ ಹೆಸರಿನಲ್ಲಿ ಕೊಂಡ ತೋಟ, ಸೊಸೆಯ ಹೆಸರಿನ ಠೇವಣಿ, ಮೊಮ್ಮಗನ ಹೆಸರಿನ ನಿವೇಶನ, ಇವುಗಳ ಲೆಕ್ಕವೆಲ್ಲ ಅಜ್ಜನ ಪೆಟ್ಟಿಗೆಯಲ್ಲಿಯೇ ಇದ್ದು, ಅವುಗಳ ಬೀಗದ ಕೈ ಅವನ ಸೊಂಟದಲ್ಲಿಯೇ ಇದ್ದರೆ, ನಡುಗೋಡೆಯನ್ನು ಕೆಡವಿದ ಆ ಹಳೆಯ ಗೃಹಸ್ಥನಿಗೂ ಇವನಿಗೂ ಏನು ಭೇದ? ಅವನು ಗೋಡೆಯನ್ನು ತೆಗೆದು ಎರಡನ್ನು ಒಂದೆಂದನು. ಇವನು ಗೋಡೆಯನ್ನು ಕಟ್ಟಿ ಒಂದನ್ನು ನಾಲ್ಕೆನ್ನುತ್ತಾನೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ನೆಲದಲ್ಲಿ ಅಳತೆಯ ಪ್ರಶ್ನೆ ಎಷ್ಟು ದೊಡ್ಡದಾಗಬಲ್ಲದೆಂಬುದು ಎಲ್ಲರಿಗೂ ತಿಳಿದ ಇತಿಹಾಸ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೂಡಿದ ಸತ್ಯಾಗ್ರಹದ ಮೂಲದಲ್ಲಿದ್ದುದು ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರ. ರೂಢಿಯ ಕೊಳಗಕ್ಕಿಂತ ದೊಡ್ಡ ಕೊಳಗದಲ್ಲಿ ಧಣಿಗಳು ಅಳೆದುಕೊಳ್ಳುತ್ತಾರೆಂಬುದು ಗೇಣಿದಾರರ ದೂರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಮೇಲೆ ದೇಶವೇ ಅತ್ತ ನೋಡಿತು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ತೆಗೆದುಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರವೆಂದು ಜೈನ ಮಕ್ಕಳು ಪಾಠಶಾಲೆಯಲ್ಲಿಯೇ ಕಲಿಯುತ್ತಾರೆ. ಆದರೆ ದೊಡ್ಡ ಕೊಳಗವನ್ನು ಮಾಡಿಸಿದ ಧಣಿಯು ಗತಿಸಿ, ಅದರಿಂದ ಅಳೆದ ಬತ್ತವು ಮೂರನೆಯ ತಲೆಮಾರಿನವನ ಚಿನ್ನವಾಗಿ ಉಳಿದಿದ್ದರೆ, ಆ ಮೊಮ್ಮಗನು ತಾನು ಏನನ್ನೂ ಕದಿಯಲಿಲ್ಲವೆಂದು ಹೇಳುವುದು ನಿಜ. ಅವನ ಕೈಯಲ್ಲಿರುವುದು ನ್ಯಾಯೋಪಾತ್ತ ಧನವೆಂದು ಹೇಳುವುದು ನಿಜವಲ್ಲ. ಪಿತ್ರಾರ್ಜಿತದೊಡನೆ ಅದರ ಹುಟ್ಟಿನ ದೋಷವೂ ಬರುತ್ತದೆ. ಪಡೆದವನಿಗೆ ಅದರ ಜ್ಞಾನವು ಮಾತ್ರ ಬರುವುದಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ ತಿದ್ದುಪಡಿಯು ಗೇಣಿ ಭೂಮಿಯನ್ನು ಉಳುವವನಿಗೆ ಕೊಡಿಸಿತು. ಒಂದು ಕುಟುಂಬವು ಇಷ್ಟೇ ಯೂನಿಟ್ ಭೂಮಿಯನ್ನು ಇಟ್ಟುಕೊಳ್ಳಬಹುದೆಂದು ಮಿತಿಯನ್ನೂ ಹಾಕಿತು. ಅದನ್ನು ರಾಜ್ಯವು ಎಲ್ಲರ ಮೇಲೆ ಹೊರಿಸಿದ ಕ್ಷೇತ್ರಪರಿಮಾಣವೆಂದು ಕರೆದರೆ ತಪ್ಪಾಗಲಾರದು. ಕಾಗದದ ಮೇಲೆ ಪಾಲುಪಟ್ಟಿ ಮಾಡಿಕೊಂಡು ಅದರಿಂದ ನುಣುಚಿಕೊಂಡವರೂ ಇದ್ದರು, ನಿಜವಾಗಿ ನೆಲ ಕಳೆದುಕೊಂಡು ಬಡವರಾದ ಸಣ್ಣ ಒಡೆಯರೂ ವಿಧವೆಯರೂ ಇದ್ದರು. ಎರಡನೆಯವರ ಸಂಕಟವನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಎರಡು ಎಕರೆಯ ಗೇಣಿಯಿಂದಲೇ ಬದುಕುತ್ತಿದ್ದ ಒಬ್ಬ ವಿಧವೆಯ ಸೊತ್ತನ್ನೂ ಇನ್ನೂರು ಎಕರೆಯ ಧಣಿಯ ಸೊತ್ತನ್ನೂ ಒಂದೇ ಹೆಸರಿನಿಂದ ಕರೆಯುವ ಯಾವ ಕಾನೂನೂ ಕುರುಡಾದದ್ದು. ಇಲ್ಲಿ ವಿಚಾರಿಸುತ್ತಿರುವುದು ಜೀವನೋಪಾಯವನ್ನು ಮೀರಿದ ದೊಡ್ಡ ಸೊತ್ತುಗಳ ಮಾತು.

ತೆರಿಗೆ ಕೊಡುವುದು ತ್ಯಾಗವೆ? ಅಲ್ಲ. ಅನ್ನವಿಲ್ಲದೆ ಹಸಿದವನು ಉಪವಾಸ ಮಾಡಿದನೆಂದು ಯಾರೂ ಹೇಳುವುದಿಲ್ಲ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಅನ್ನವಿದ್ದೂ ಬಿಡುವ ಸಂಕಲ್ಪವೇ ಪ್ರಧಾನ. ಬಲವಂತದಿಂದ ಕಳೆದುಕೊಂಡದ್ದು ಸಂಕಲ್ಪಪೂರ್ವಕವಾದ ತ್ಯಾಗವಾಗುವುದಿಲ್ಲ. ಈ ಮಾತನ್ನು ತೆರಿಗೆಯ ವಿರೋಧಿಗಳು ಮೇಲಿಂದ ಮೇಲೆ ಹೇಳುತ್ತಾರೆ, ಅದು ಸರಿಯಾಗಿಯೂ ಇದೆ. ಆದರೆ ಅದರಿಂದ ಅವರು ತೆಗೆಯುವ ತೀರ್ಮಾನವು ಸರಿಯಲ್ಲ. ತೆರಿಗೆಯು ಧರ್ಮವಲ್ಲವೆಂದ ಮಾತ್ರಕ್ಕೆ ಅದು ಅಧರ್ಮವಾಗುವುದಿಲ್ಲ. ಬಾವಿಗೆ ಕಟ್ಟೆ ಕಟ್ಟುವುದೂ ಧರ್ಮವಲ್ಲ, ಆದರೆ ಕಟ್ಟೆಯಿಲ್ಲದ ಬಾವಿ ಊರಿಗೆ ಒಳ್ಳೆಯದಲ್ಲ. ಅಲ್ಲದೆ ಉಪವಾಸದ ಹೋಲಿಕೆಯನ್ನೇ ಇನ್ನೊಂದು ಹೆಜ್ಜೆ ಮುಂದೊಯ್ದರೆ ಬೇರೊಂದು ವಿಷಯ ಕಾಣುತ್ತದೆ. ತಿಂಗಳಿಗೆ ನಾಲ್ಕು ಉಪವಾಸ ಮಾಡಿ, ಅಂದು ಉಳಿದ ಅಕ್ಕಿಯನ್ನೆಲ್ಲ ಹಸಿದವರಿಗೆ ಕೊಡದೆ ಕೋಣೆಯಲ್ಲಿ ಕೂಡಿಡುತ್ತ ಹೋದವನ ಉಪವಾಸವು ದೇಹವನ್ನು ಒಣಗಿಸಿತು, ಕಣಜವನ್ನು ಬೆಳೆಸಿತು. ಪರಿಮಾಣವ್ರತವೂ ಹಾಗೆ ಆಗಬಹುದು. ತಾನು ಮಿತವಾಗಿ ಉಟ್ಟು, ಮಿತವಾಗಿ ಉಂಡು, ಆ ಮಿತವ್ಯಯದಿಂದಲೇ ಸಂಪತ್ತನ್ನು ಬೆಳೆಸಿ, ಏಳು ತಲೆಮಾರಿಗೆ ಸಾಲುವಷ್ಟನ್ನು ಬಿಟ್ಟುಹೋದ ವ್ರತಿಕರ ಉದಾಹರಣೆ ಅಪರೂಪವಲ್ಲ. ಸಮಂತಭದ್ರ ಆಚಾರ್ಯರು ರತ್ನಕರಂಡಕದಲ್ಲಿ ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಬೇರೆಯಾಗಿಯೇ ಹೆಸರಿಸಿರುವುದು ನಿಷ್ಕಾರಣವಲ್ಲ.

ಸ್ವಂತ ಪರಿಮಾಣಕ್ಕೆ ಮೀರಿದ ಭಾಗದ ಮಟ್ಟಿಗಂತೂ ವ್ರತಿಕನಿಗೆ ತೆರಿಗೆಯ ಮೇಲೆ ದೂರಲು ಎಡೆಯೇ ಇಲ್ಲ. ‘ಇಷ್ಟಕ್ಕಿಂತ ಹೆಚ್ಚಿನದು ನನ್ನದಲ್ಲ’ ಎಂದು ದೇವ ಗುರುಗಳ ಸಾಕ್ಷಿಯಾಗಿ ಒಮ್ಮೆ ಹೇಳಿದವನು, ಆ ಹೆಚ್ಚಿನದನ್ನು ರಾಜ್ಯವು ಮುಟ್ಟಿದಾಗ ‘ನನ್ನದನ್ನು ಕಸಿದರು’ ಎಂದು ಹೇಗೆ ಕೂಗಬಲ್ಲನು? ಕೂಗಿದರೆ, ವ್ರತವು ನಾಲಗೆಯ ಮೇಲೆ ಇತ್ತು, ಮೂರ್ಛೆಯು ಎದೆಯಲ್ಲಿತ್ತು ಎಂದಾಯಿತು. ಆಗುಂಬೆಯ ಬಳಿಯ ಕುಂದಾದ್ರಿಯನ್ನು ಹತ್ತಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡುವ ಯಾತ್ರಿಕರು ಕುಂದಕುಂದಾಚಾರ್ಯರ ನೆನಪಿಗಾಗಿ ಅಲ್ಲಿಗೆ ಹೋಗುತ್ತಾರೆ. ಪರದ್ರವ್ಯವು ತನ್ನದಾಗುವುದಾದರೆ ತಾನೇ ಅಜೀವವಾಗಬೇಕಾದೀತು ಎಂಬ ಅರ್ಥದ ವಿಚಾರವನ್ನು ಸಮಯಸಾರದಲ್ಲಿ ಬರೆದವರು ಅವರು. ಅಷ್ಟು ಎತ್ತರದ ದೃಷ್ಟಿ ಗೃಹಸ್ಥನಿಗೆ ದಿನವೂ ಸಾಧ್ಯವಿಲ್ಲ. ಆದರೆ ಬೆಟ್ಟದಿಂದ ಇಳಿದು ಬಂದು ಪಹಣಿಯಲ್ಲಿ ಒಂದು ಗುಂಟೆ ಕಡಮೆಯಾದುದಕ್ಕೆ ಅಣ್ಣತಮ್ಮಂದಿರು ತೀರ್ಥಹಳ್ಳಿಯ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಬೆಟ್ಟಕ್ಕೂ ಒಪ್ಪದು.

ಕರ್ಮಸಿದ್ಧಾಂತವನ್ನು ಮುಂದಿಟ್ಟು ಮಾಡುವ ಆಕ್ಷೇಪವೊಂದಿದೆ, ಅದು ಗಂಭೀರವಾದದ್ದು. ಸಂಪನ್ನರ ಮನೆಯಲ್ಲಿ ಹುಟ್ಟುವುದು ಪೂರ್ವಾರ್ಜಿತ ಪುಣ್ಯದ ಫಲ. ಲಾಭಾಂತರಾಯದ ಕ್ಷಯೋಪಶಮದಿಂದ ಬಂದ ಸೊತ್ತನ್ನು ‘ದುಡಿಯದೆ ಬಂದದ್ದು’ ಎಂದು ಹೀಗಳೆಯುವುದು ಸಮಾಜವಾದಿಗಳ ಭಾಷೆಯೇ ಹೊರತು ಜೈನರ ಭಾಷೆಯಲ್ಲ ಎಂಬುದು ಆ ವಾದ. ಮಗನು ತನ್ನ ಪುಣ್ಯದಿಂದ ಪಡೆದನು, ಇದರಲ್ಲಿ ಅನ್ಯಾಯವೆಲ್ಲಿ?

ವಾದವನ್ನು ಒಪ್ಪಿಯೇ ಮುಂದೆ ನಡೆಯಬಹುದು. ಮಗನಿಗೆ ದೊರೆಯುವುದೆಲ್ಲ ಮಗನ ಕರ್ಮದಿಂದಲೇ ಎಂದಾದರೆ, ಅವನಿಗಾಗಿ ತಂದೆಯು ಕೂಡಿಡುವ ಅಗತ್ಯವೇನು? ಪುಣ್ಯವಿದ್ದರೆ ತಂದೆಯು ಬಿಡದಿದ್ದರೂ ದೊರೆಯುತ್ತದೆ. ಇಲ್ಲದಿದ್ದರೆ ತಂದೆಯು ಬಿಟ್ಟದ್ದೂ ನಿಲ್ಲುವುದಿಲ್ಲ. ಕೂಡಿಡುವುದರಿಂದ ಆಗುವ ಆಸ್ರವವು ಮಾತ್ರ ಕೂಡಿಟ್ಟವನದೇ. ಮಕ್ಕಳ ಸುಖಕ್ಕಾಗಿ ಬಹ್ವಾರಂಭ ಬಹುಪರಿಗ್ರಹಗಳಲ್ಲಿ ತೊಡಗಿದವನಿಗೆ ಆ ಆಯುಷ್ಯಬಂಧದ ಫಲವನ್ನು ಮಕ್ಕಳು ಹಂಚಿಕೊಳ್ಳಲಾರರು. ಹೀಗೆ ಪಿತ್ರಾರ್ಜಿತವನ್ನು ಸಮರ್ಥಿಸಲು ತಂದ ಕರ್ಮವಾದವೇ ಅದರ ಬುಡವನ್ನು ಅಲುಗಾಡಿಸುತ್ತದೆ. ಇನ್ನು, ಪಡೆದವನ ಪುಣ್ಯದಿಂದ ಅದು ಬಂದಿತೆಂದರೆ, ತೆರಿಗೆಯಾಗಿ ಹೋದದ್ದು ಅದೇ ಪುಣ್ಯದ ಮಿತಿಯೆಂದೂ ಒಪ್ಪಬೇಕಾಗುತ್ತದೆ. ಬರುವಾಗ ಕರ್ಮವನ್ನೂ ಹೋಗುವಾಗ ಸರ್ಕಾರವನ್ನೂ ನೆನೆಯುವುದು ತತ್ತ್ವವಿಚಾರವಲ್ಲ.

ಇದಕ್ಕಿಂತ ಉತ್ತರಿಸಲು ಕಷ್ಟವಾದ ಆಕ್ಷೇಪವನ್ನು ಯಾವ ಗ್ರಂಥವೂ ಅಲ್ಲ, ಮಲೆನಾಡಿನ ಅಡಿಕೆ ತೋಟವೇ ಎತ್ತುತ್ತದೆ. ಅಡಿಕೆಯ ಸಸಿ ಇಂದು ನೆಟ್ಟರೆ ಅದು ಫಸಲಿಗೆ ಬರಲು ಐದಾರು ವರ್ಷ, ತುಂಬು ಫಸಲಿಗೆ ಇನ್ನೂ ಹೆಚ್ಚು. ಮರವು ನೆಟ್ಟವನಿಗಿಂತ ಹೆಚ್ಚು ಕಾಲ ಬಾಳಬಹುದು. ಕಪ್ಪು ತೆಗೆದು, ಹೊಸ ಮಣ್ಣು ಹಾಕಿ, ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ಎಪ್ಪತ್ತರ ಹರೆಯದಲ್ಲಿ ಸಸಿ ನೆಡುವ ಮುದುಕನು ತನಗಾಗಿ ನೆಡುತ್ತಿಲ್ಲ. ಮಕ್ಕಳಿಗೆ ಹೋಗುತ್ತದೆಂಬ ಭರವಸೆಯೇ ಇಲ್ಲದಿದ್ದರೆ ಅವನು ನೆಡುತ್ತಿದ್ದನೆ? ಪಿತ್ರಾರ್ಜಿತವೆಂಬುದು ಬರಿಯ ಲೋಭವಲ್ಲ, ಕಾಣದವರಿಗಾಗಿ ದುಡಿಯುವ ಒಂದು ಗುಣವೂ ಅದರೊಳಗೆ ಅಡಗಿದೆ ಎಂಬುದನ್ನು ಒಪ್ಪಲೇಬೇಕು. ಆಸ್ತಿಯನ್ನೆಲ್ಲ ಒಂದೇ ಏಟಿಗೆ ಕೊಚ್ಚಿಹಾಕುವ ತೆರಿಗೆಯು ಈ ಗುಣವನ್ನೂ ಕೊಚ್ಚುತ್ತದೆ. ನೂರಕ್ಕೆ 85ರ ದರದ ವಿರುದ್ಧ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ.

ಆದರೆ ಆ ಮುದುಕನು ನೆಟ್ಟದ್ದು ಎಷ್ಟು ಎಕರೆ ಎಂಬುದು ಇಲ್ಲಿ ಮುಖ್ಯ. ಒಂದು ಕುಟುಂಬವು ಕೈಯಾರೆ ನೋಡಿಕೊಳ್ಳಬಲ್ಲ ತೋಟವು ಮಕ್ಕಳಿಗೆ ಹೋದರೆ ಅದರೊಡನೆ ಕೆಲಸವೂ ಹೋಗುತ್ತದೆ, ಕೊನೆಗೌಡನ ಕೂಲಿಯೂ, ಕೊಳೆರೋಗದ ಚಿಂತೆಯೂ ಹೋಗುತ್ತವೆ. ಪಡೆದವನು ಪ್ರತಿವರ್ಷ ಅದನ್ನು ಹೊಸದಾಗಿ ಗಳಿಸಲೇಬೇಕು. ಬ್ಯಾಂಕಿನ ಠೇವಣಿ, ಪಟ್ಟಣದ ಬಾಡಿಗೆ ಕಟ್ಟಡ, ಕಂಪನಿಯ ಷೇರು ಇವು ಹಾಗಲ್ಲ. ಪಡೆದವನು ಮಲಗಿದ್ದರೂ ಬೆಳೆಯುತ್ತವೆ. ಇನ್ನು ಸಾಗರ ತಾಲ್ಲೂಕಿನವರಿಗಂತೂ ನೆಲದ ಶಾಶ್ವತಿಯ ಬಗೆಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಆಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರು ತಲೆತಲಾಂತರದ ಗದ್ದೆ ತೋಟಗಳನ್ನು ಗಡಿಕಲ್ಲುಗಳ ಸಮೇತ ಮುಳುಗಿಸಿತು.

ಹೊಸನಗರ ತಾಲ್ಲೂಕಿನ ಹೊಂಬುಜ ಕ್ಷೇತ್ರದ ಐತಿಹ್ಯವೂ ಪಿತ್ರಾರ್ಜಿತದ ಕಲಹದಿಂದಲೇ ಆರಂಭವಾಗುತ್ತದೆ. ಉತ್ತರ ಮಧುರೆಯ ಅರಸನು ಎರಡನೆಯ ಹೆಂಡತಿಯ ಮಗನಿಗೆ ರಾಜ್ಯವನ್ನು ಕೊಡುವ ಮೋಹದಿಂದ ಹಿರಿಯ ಮಗ ಜಿನದತ್ತನನ್ನು ಕೊಲ್ಲಿಸಲು ಹವಣಿಸಿದನೆಂದೂ, ತಾಯಿಯ ಎಚ್ಚರಿಕೆಯಿಂದ ಜಿನದತ್ತನು ಪದ್ಮಾವತಿಯ ವಿಗ್ರಹವನ್ನು ಹೊತ್ತು ದಕ್ಷಿಣಕ್ಕೆ ಬಂದು ಲಕ್ಕಿಯ ಮರದಡಿ ನಿಂತನೆಂದೂ ಕಥೆ ಹೇಳುತ್ತದೆ. ಸಾಂತರ ವಂಶದ ಮೂಲಪುರುಷನು ದಾಯವನ್ನು ಪಡೆದವನಲ್ಲ, ಕಳೆದುಕೊಂಡವನು. ಆದಿನಾಥಸ್ವಾಮಿಯ ಕಥೆಯಾದರೂ ಬೇರೆ ಏನು? ನೂರೊಂದು ಗಂಡುಮಕ್ಕಳಿಗೆ ನೆಲವನ್ನು ಹಂಚಿಕೊಟ್ಟೇ ದೀಕ್ಷೆಗೆ ನಡೆದ ತಂದೆಯ ಮಕ್ಕಳಲ್ಲಿಯೂ ಯುದ್ಧ ತಪ್ಪಲಿಲ್ಲ. ಭರತನಿಗೆ ತನ್ನ ಪಾಲು ಸಾಲಲಿಲ್ಲ. ಬಾಹುಬಲಿಗೆ ಗೆದ್ದ ಮೇಲೆ ಯಾವ ಪಾಲೂ ಬೇಡವಾಯಿತು.

ಐತಿಹ್ಯವನ್ನು ಬಿಟ್ಟು ಶಾಸನಕ್ಕೆ ಬಂದರೆ ಹೊಂಬುಜದಲ್ಲಿ ಚಟ್ಟಲದೇವಿಯು ಕಾಣುತ್ತಾಳೆ. ಪತಿಯನ್ನೂ ಮಗನನ್ನೂ ಕಳೆದುಕೊಂಡ ಈ ರಾಜಕುಮಾರಿಯು ಗತಿಸಿದ ತಂಗಿಯ ನಾಲ್ವರು ಗಂಡುಮಕ್ಕಳನ್ನು ತನ್ನವರಂತೆಯೇ ಸಾಕಿದಳು. 1077ರಲ್ಲಿ ಊರ್ವೀತಿಲಕವೆಂಬ ಪಂಚಕೂಟ ಬಸದಿಯನ್ನು ತನ್ನ ತಂದೆ, ತಾಯಿ, ತಂಗಿ, ತಮ್ಮ ಇವರ ಪರೋಕ್ಷ ವಿನಯಕ್ಕಾಗಿ ಕಟ್ಟಿಸಿದಳು. ಕೆರೆ ಬಾವಿಗಳನ್ನೂ ದಾನಶಾಲೆಗಳನ್ನೂ ಮಾಡಿಸಿದಳು. ಗಮನಿಸಬೇಕಾದುದು ಏನೆಂದರೆ, ಅವಳಿಗೆ ವಾರಸುದಾರರು ಇಲ್ಲದೆ ಇರಲಿಲ್ಲ. ಸಾಕಿದ ನಾಲ್ವರೂ ಇದ್ದರು. ಅವರಿಗೆ ರಾಜ್ಯವಿತ್ತು, ಅದು ಸಾಕೆಂದು ಅವಳು ತಿಳಿದಿರಬೇಕು. ಮೇಲಿನದು ಕಲ್ಲಾಗಿ, ನೀರಾಗಿ, ಅನ್ನವಾಗಿ ಊರಿಗೆ ಹೋಯಿತು. ಒಂಬತ್ತು ಶತಮಾನಗಳು ಕಳೆದರೂ ಬಸದಿ ನಿಂತಿದೆ. ಸಾಂತರರ ರಾಜ್ಯವು ಯಾರ ಪಾಲಿಗೂ ಉಳಿಯಲಿಲ್ಲ.

ಸಾಮಾನ್ಯ ಗೃಹಸ್ಥನಿಗೆ ಈ ಲೆಕ್ಕವನ್ನು ಹೇಳಿಕೊಟ್ಟವರು ಜಿನಸೇನಾಚಾರ್ಯರು. ಒಂಬತ್ತನೆಯ ಶತಮಾನದ ಅವರ ಆದಿಪುರಾಣದ ಮೂವತ್ತೆಂಟನೆಯ ಪರ್ವದಲ್ಲಿ ಐವತ್ತಮೂರು ಗರ್ಭಾನ್ವಯ ಕ್ರಿಯೆಗಳ ನಡುವೆ ಗೃಹತ್ಯಾಗ ಕ್ರಿಯೆಯ ವಿವರಣೆ ಬರುತ್ತದೆ. ಗೃಹಸ್ಥನು ಸಿದ್ಧಪೂಜೆಯನ್ನು ಮಾಡಿ, ಇಷ್ಟಜನರನ್ನೆಲ್ಲ ಕರೆಯಿಸಿ, ಅವರ ಸಾಕ್ಷಿಯಾಗಿ ಹಿರಿಯ ಮಗನಿಗೆ ಮನೆಯನ್ನು ಒಪ್ಪಿಸುತ್ತಾನೆ. ಒಪ್ಪಿಸುವಾಗ ಸೊತ್ತನ್ನು ಮೂರು ಭಾಗ ಮಾಡಬೇಕೆಂದು ತಿಳಿಸುತ್ತಾನೆ: ಒಂದು ಭಾಗ ಧರ್ಮಕಾರ್ಯಕ್ಕೆ, ಒಂದು ಭಾಗ ಮನೆಯ ವೆಚ್ಚಕ್ಕೆ, ಒಂದು ಭಾಗ ಒಡಹುಟ್ಟಿದವರಿಗೆ ಹಂಚಲು. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಸಮನಾದ ಪಾಲು ಎಂಬ ಮಾತು ಅಲ್ಲಿ ಸ್ಪಷ್ಟವಾಗಿದೆ. ಕರ್ನಾಟಕದ ಕಾನೂನು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟದ್ದು 1994ರಲ್ಲಿ, ಅದೂ ಅಂದಿಗೆ ಮದುವೆಯಾಗದಿದ್ದವರಿಗೆ. ದೇಶದ ಕಾನೂನು ಕೊಟ್ಟದ್ದು 2005ರಲ್ಲಿ. ಘಟ್ಟದ ಕೆಳಗಿನ ಅಳಿಯಸಂತಾನದ ಜೈನ ಮನೆತನಗಳಲ್ಲಿ ಹೆಣ್ಣಿನ ಬಳಿಯಲ್ಲಿಯೇ ಸೊತ್ತು ಸಾಗುತ್ತಿದ್ದುದು ಬೇರೆ ಮಾತು. ಘಟ್ಟದ ಮೇಲೆ ಆದಿಪುರಾಣವನ್ನು ಭಕ್ತಿಯಿಂದ ಓದಿಸಿದ ಮನೆಗಳಲ್ಲಿ ಈ ಒಂದು ಪರ್ವದ ಈ ಒಂದು ಮಾತನ್ನು ನಡೆಸಿದವರು ಎಷ್ಟು ಮಂದಿ ಎಂದು ಕೇಳಬಾರದೆ?

ಜಿನಸೇನರ ವಿಧಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದೆಲ್ಲ ನಡೆಯುವುದು ಗೃಹಸ್ಥನು ಬದುಕಿರುವಾಗ, ನಾಲ್ಕು ಜನರ ಎದುರಿನಲ್ಲಿ. ಉಯಿಲು ಬರೆದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ತಾನು ಸತ್ತ ಮೇಲೆ ತೆರೆಯಿರಿ ಎನ್ನುವವನು ಕೊನೆಯ ಉಸಿರಿನವರೆಗೆ ಒಡೆಯನಾಗಿಯೇ ಇರಬಯಸುತ್ತಾನೆ. ಹನ್ನೊಂದು ಪ್ರತಿಮೆಗಳಲ್ಲಿ ಒಂಬತ್ತನೆಯದಾದ ಪರಿಗ್ರಹತ್ಯಾಗವನ್ನು ಮುಟ್ಟಿದವನಿಗೆ, ಸಲ್ಲೇಖನಕ್ಕೆ ಅಣಿಯಾದವನಿಗೆ, ಮರಣಕಾಲದಲ್ಲಿ ಬಿಟ್ಟುಹೋಗಲು ಏನೂ ಇರುವುದಿಲ್ಲ. ಎಸ್ಟೇಟ್ ಡ್ಯೂಟಿಯ ಅಧಿಕಾರಿಯು ಅವನ ಮನೆಗೆ ಬಂದಿದ್ದರೂ, ಎರಡು ವರ್ಷಕ್ಕೆ ಮೊದಲೇ ಎಲ್ಲವನ್ನೂ ಒಪ್ಪಿಸಿ ಮುಗಿಸಿದವನ ಬಳಿ ಅವನಿಗೆ ಬರೆದುಕೊಳ್ಳಲು ಬಹಳವೇನೂ ಸಿಗುತ್ತಿರಲಿಲ್ಲ.

ಇಷ್ಟು ಬಿಟ್ಟುಹೋಗುವವನ ಮಾತಾಯಿತು. ಪಡೆಯುವವನ ವಿಷಯದಲ್ಲಿ ವ್ರತಗ್ರಂಥಗಳ ಉಪದೇಶವನ್ನು ಒಂದು ಉದಾಹರಣೆಗೆ ಅನ್ವಯಿಸಿ ನೋಡಬಹುದು. ಮೂರು ಎಕರೆ ತೋಟವುಳ್ಳ ಒಬ್ಬ ಶ್ರಾವಕನು ದಶಲಕ್ಷಣ ಪರ್ವದ ಆಕಿಂಚನ್ಯದ ದಿನ ಕ್ಷೇತ್ರಕ್ಕೆ ಐದು ಎಕರೆಯ ಪರಿಮಾಣವನ್ನು ಮಾಡಿಕೊಂಡನೆಂದು ಭಾವಿಸಬೇಕು. ತಾಯಿ ಮೊದಲೇ ಗತಿಸಿದ್ದಾಳೆ. ಕೆಲವು ವರ್ಷಗಳಲ್ಲಿ ತಂದೆಯು ಒಂಬತ್ತು ಎಕರೆ ಸ್ವಯಾರ್ಜಿತವನ್ನು ಬಿಟ್ಟು, ಉಯಿಲು ಬರೆಯದೆ ತೀರಿಕೊಂಡನು. ಇಬ್ಬರು ಸಹೋದರಿಯರಿದ್ದಾರೆ. ಕಾನೂನಿನಂತೆ ಮೂವರಿಗೂ ಮೂರು ಮೂರು ಎಕರೆ. ಆದರೆ ರೂಢಿಯಂತೆ ಮನೆಯ ಹಿರಿಯರು ಸಹೋದರಿಯರಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಮಾಡಿರೆಂದು ಹೇಳುತ್ತಾರೆ. ಅವರು ಅರಿಸಿನ ಕುಂಕುಮ ತೆಗೆದುಕೊಂಡು ರುಜು ಮಾಡುತ್ತಾರೆ. ಈಗ ಅಣ್ಣನ ಹೆಸರಿನಲ್ಲಿ ಹನ್ನೆರಡು ಎಕರೆ.

ಅವನ ವ್ರತವು ಉಳಿಯಿತೆ? ಇಚ್ಛೆಗೆ ಹಾಕಿದ ಪರಿಮಾಣವು ಇದ್ದುದಕ್ಕೆ ಮಾತ್ರವಲ್ಲ, ಮುಂದೆ ಬರುವುದಕ್ಕೂ ಅನ್ವಯಿಸುತ್ತದೆ; ಅದಕ್ಕಾಗಿಯೇ ಮೂರು ಎಕರೆಯವನು ಐದನ್ನು ಗೊತ್ತುಮಾಡಿಕೊಂಡದ್ದು. ತಾನಾಗಿ ಬಂದದ್ದನ್ನು ಬೇಡವೆನ್ನಲಾಗದೆಂಬ ಸಮಾಧಾನವೂ ಇಲ್ಲಿ ನಿಲ್ಲದು, ಏಕೆಂದರೆ ಸಹೋದರಿಯರ ಆರು ಎಕರೆ ತಾನಾಗಿ ಬಂದದ್ದಲ್ಲ, ರುಜುವಿನಿಂದ ಬಂದದ್ದು. ಬಿಡುಗಡೆ ಪತ್ರವನ್ನು ಒಪ್ಪಿಕೊಂಡ ಗಳಿಗೆಯಲ್ಲಿಯೇ ಅವನ ವ್ರತಕ್ಕೆ ಭಂಗ ಬಂದಿತು. ಒಪ್ಪದಿದ್ದರೆ ಅವನ ಬಳಿ ಆರು ಎಕರೆ ಇರುತ್ತದೆ, ಪರಿಮಾಣಕ್ಕಿಂತ ಒಂದು ಹೆಚ್ಚು. ಅದನ್ನು ಹೆಂಡತಿಯ ಹೆಸರಿಗೆ ಬರೆದರೆ ಆಶಾಧರರು ಹೇಳಿದ ‘ದಾನ’ವಾದೀತು, ಪರಿಮಾಣವನ್ನೇ ಆರಕ್ಕೆ ಏರಿಸಿಕೊಂಡರೆ ವ್ರತವೆಂಬ ಮಾತಿಗೆ ಅರ್ಥವಿಲ್ಲ. ಬಸದಿಗೋ, ನೆಲವಿಲ್ಲದ ನೆರೆಯವನಿಗೋ, ಸಹೋದರಿಯರಿಗೋ ಅದು ಸಲ್ಲಬೇಕು. ಪೌತಿ ಖಾತೆ, ಪೋಡಿ, ನೋಂದಣಿ ಮುಗಿಯಲು ತಿಂಗಳುಗಳೇ ಹಿಡಿಯುವುದರಿಂದ ಅಷ್ಟರಲ್ಲಿ ಒಂದು ಕೊಯ್ಲು ಬಂದೇ ಬರುತ್ತದೆ. ಆ ಒಂದು ಎಕರೆಯ ಅಡಿಕೆಯನ್ನು ಅವನು ಬೇರೆಯಾಗಿ ಸುಲಿಸಿ, ಬೇರೆ ಚಾಪೆಯ ಮೇಲೆ ಒಣಗಿಸಿ, ಮಂಡಿಯ ಪಟ್ಟಿಯನ್ನೂ ಬೇರೆ ಹೆಸರಿನಲ್ಲಿಯೇ ಬರೆಯಿಸಬೇಕಾಗುತ್ತದೆ.